ವಿಮಾನಕ್ಕೆ ಅಪ್ಪಣೆ ಕೊಡುವ ಹಿಮ್ಮಡಿ

ಬುಧವಾರ, ಬೆಳಗಿನ ಐದೂಕಾಲು. ಬೆಟ್ಟಗಳ ನಡುವಿನ ಸೊಹಿಕ್ಮಾ ಊರಿನ ಒಲೆಗಳ ಹೊಗೆ ಇನ್ನೂ ಹುಲ್ಲುಮಾಡು ದಾಟಿಲ್ಲ. ಮಾಮಾ ತಬಿತಾ ಕೋಬಕ್ ಆಗಲೇ ರನ್‌ವೇಯ ಕೆಳತುದಿಯಲ್ಲಿ ಬರಿಗಾಲಲ್ಲಿ ನಿಂತಿದ್ದಾರೆ. ನೆತ್ತಿಯಿಂದ ಬೆನ್ನಿಗೆ ಇಳಿಬಿದ್ದ ಬಲೆಚೀಲ, ಕೈಯಲ್ಲಿ ಹಂದಿ ಅಟ್ಟುವ ಕೋಲು. ಹತ್ತು ಹೆಜ್ಜೆ ನಡೆಯುತ್ತಾರೆ, ನಿಲ್ಲುತ್ತಾರೆ, ಬಲಗಾಲೆತ್ತಿ ಹಿಮ್ಮಡಿಯಿಂದ ನೆಲಕ್ಕೆ ಗುದ್ದುತ್ತಾರೆ. ಆಮೇಲೆ ಬಗ್ಗಿ, ಬಿದ್ದ ಕುಳಿಗೆ ತೋರುಬೆರಳು ಇಳಿಸಿ ನೋಡುತ್ತಾರೆ. ಮತ್ತೆ ಹತ್ತು ಹೆಜ್ಜೆ. (ಮಾಮಾ ಎಂದರೆ ಇಲ್ಲಿ ತಾಯಿ, ಬಾಪಾ ಎಂದರೆ ತಂದೆ. ನಿಮ್ಮ ಸೋದರಮಾವನನ್ನು ನೆನೆದು ಗಲಿಬಿಲಿಗೊಳ್ಳಬೇಡಿ.)

ಅವರ ಲೆಕ್ಕ ಬಹಳ ಸರಳ. ಕುಳಿಯಲ್ಲಿ ಬೆರಳಿನ ಅರ್ಧ ಗೆಣ್ಣು ಮುಳುಗಿದರೆ ಮಿಶನ್ ವಿಮಾನ ತುಂಬಿದ ಹೊಟ್ಟೆಯಲ್ಲಿ ಬರಬಹುದು. ಮುಕ್ಕಾಲು ಗೆಣ್ಣಾದರೆ ಖಾಲಿ ಬರಬಹುದು. ಅದಕ್ಕಿಂತ ಆಳವಾದರೆ ಸಾಕ್ಷಾತ್ ಗವರ್ನರೇ ಒಳಗಿದ್ದರೂ ಬರಕೂಡದು. ರಾತ್ರಿಯಿಡೀ ಮಳೆ ಸುರಿದಿದ್ದ ಈ ಬೆಳಗ್ಗೆ ಮೂರನೆಯ ಗುದ್ದಿಗೆ ಬೆರಳು ಎರಡು ಗೆಣ್ಣು ಇಳಿಯಿತು. ಮಾಮಾ ಬೆರಳಿನ ಕೆಸರನ್ನು ಲಂಗಕ್ಕೆ ಒರೆಸಿಕೊಂಡು, "ಇವತ್ತೇ ಆಗ್ಬೇಕಿತ್ತಾ ನಿಂಗೆ?" ಎಂದು ನೆಲವನ್ನೇ ಬೈದರು.

ಬೈಯಲು ಕಾರಣವಿತ್ತು. ಇವತ್ತು ಮಾಮಾ ಹೆನ್ನಿ ಬರುವ ದಿನ. ನಲವತ್ತನಾಲ್ಕು ವರ್ಷದ ಹಿಂದೆ ಏಳು ದಿನ ಕಾಡು ನಡೆದು ಈ ಕಣಿವೆಗೆ ಬಂದ ಡಚ್ ಹೆಂಗಸು ಅವರು. ಇಲ್ಲಿಯವರಿಗೆ ಅಕ್ಷರ ಕಲಿಸಿದರು, ಗಾಯಕ್ಕೆ ಹೊಲಿಗೆ ಹಾಕಿದರು, ಸತ್ತವರಿಗೆ ಅತ್ತರು. ಮಂಡಿ ಸೋತ ಮೇಲೆ ಕರಾವಳಿಯ ಪಟ್ಟಣದಲ್ಲಿದ್ದರು. ಈಗ ಎಂಬತ್ತೊಂದು ವಯಸ್ಸು. ಶುಕ್ರವಾರ ತಮ್ಮ ದೇಶಕ್ಕೆ ಹೊರಟರೆ ಮತ್ತೆ ಬರುವ ಮಾತಿಲ್ಲ. ಹೋಗುವ ಮುಂಚೆ ಒಂದೇ ಒಂದು ರಾತ್ರಿ ಸೊಹಿಕ್ಮಾದಲ್ಲಿ ಮಲಗಬೇಕು ಎಂದು ಹಟ ಹಿಡಿದಿದ್ದಾರೆ. ರಸ್ತೆ ಇಲ್ಲದ ಊರು. ಬಂದರೆ ಇವತ್ತು ಬರಬೇಕು, ವಿಮಾನದಲ್ಲೇ ಬರಬೇಕು.

ಆರು ಗಂಟೆಗೆ ರೇಡಿಯೋ ಗೊರಗುಟ್ಟಿತು. ಆ ಕಡೆ ಪೈಲಟ್ ಫರ್ಡಿ, ಸಮುದ್ರದಾಚೆಯ ಮಿನಹಾಸಾ ಕಡೆಯ ಹುಡುಗ.

"ಸೊಹಿಕ್ಮಾ, ಸೊಹಿಕ್ಮಾ. ಮಾಮಾ, ಹೇಗಿದೆ?"

"ಆಕಾಶ ಚೆನ್ನಾಗಿದೆ ಮಗಾ. ನೆಲ ಚೆನ್ನಾಗಿಲ್ಲ. ಎರಡು ಗೆಣ್ಣು. ಬರ್ಬೇಡ."

ಕಡ್ಡಿ ಮುರಿದಂತೆ ಅಷ್ಟೇ ಮಾತು. ರೇಡಿಯೋ ಗುಡಿಸಲಿನ ಹೊರಗೆ ಕಿವಿಗೊಟ್ಟು ನಿಂತಿದ್ದ ಇನ್ನೂರು ಜನ ಒಟ್ಟಿಗೇ "ಅಯ್ಯೋ" ಎಂದರು. ಅವರ ತಲೆಯಲ್ಲಿ ಆಗಲೇ ಹಕ್ಕಿಗರಿ ಏರಿತ್ತು, ಮುಖಕ್ಕೆ ಬಳಿದ ಹಂದಿಕೊಬ್ಬು ಮಿಂಚುತ್ತಿತ್ತು. ನಾಲ್ಕು ಹಂದಿಗಳು ಸ್ವರ್ಗ ಸೇರಿದ್ದವು, ಅವುಗಳನ್ನು ಬೇಯಿಸುವ ಕಲ್ಲುಗಳು ಬೆಂಕಿಯಲ್ಲಿ ಕೆಂಪಗಾಗುತ್ತಿದ್ದವು.

ಪಾಸ್ಟರ್ ಎನೋಸ್ ಪಹಾಬೋಲ್ ಒಳಗೆ ನುಗ್ಗಿದರು. ಅವರು ಇದ್ದ ಒಂದೇ ಕೋಟನ್ನು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. "ಮಾಮಾ, ಸ್ವಲ್ಪ ಮೆತ್ತಗಿದೆ ಅನ್ನಿ. 'ಸ್ವಲ್ಪ' ಅನ್ನೋ ಒಂದು ಮಾತು ಸೇರಿಸಿದ್ರೆ ನಿಮ್ಗೇನು ನಷ್ಟ?"

"ಸ್ವಲ್ಪ ಅಂದ್ರೆ ಆ ಹುಡುಗ ಬಂದ್ಬಿಡ್ತಾನೆ ಬಾಪಾ. ಬಂದ್ಮೇಲೆ ಸ್ವಲ್ಪ ಸಾಯಕ್ಕಾಗಲ್ಲ."



ಈ ಬಾಯಿ ಮುಚ್ಚಿಸುವ ಗುಣಕ್ಕೇ ಮಾಮಾ ತಬಿತಾಗೆ ಈ ಕೆಲಸ ಸಿಕ್ಕಿದ್ದು. ಹತ್ತೊಂಬತ್ತು ವರ್ಷದ ಹಿಂದೆ ಇದು ಅವರ ಗಂಡ ಲೂಕಾಸನ ಕೆಲಸವಾಗಿತ್ತು. ಊರಲ್ಲಿ ಉಪ್ಪು ಮುಗಿದಿದ್ದ ಒಂದು ವಾರ, ಜನ ಗೋಗರೆದರೆಂದು ಲೂಕಾಸ್ ನೆಲ ನೋಡದೆಯೇ "ಗಟ್ಟಿ ಇದೆ, ಬಾ" ಎಂದು ರೇಡಿಯೋದಲ್ಲಿ ಹೇಳಿಬಿಟ್ಟ. ವಿಮಾನ ಇಳಿಯಿತು, ಮುಂದಿನ ಚಕ್ರ ಹೂತಿತು, ಮೂಗು ಕೆಸರು ಕಚ್ಚಿತು. ಆಗಿನ ಪೈಲಟ್‌ನ ಎರಡು ಹಲ್ಲು ಹೋದವು, ಪುಣ್ಯಕ್ಕೆ ಜೀವ ಉಳಿಯಿತು. ಬಿಡಿಭಾಗ ಹೊತ್ತು ತಂದು ಸರಿಮಾಡುವ ತನಕ ವಿಮಾನ ನಲವತ್ತು ದಿನ ಅಲ್ಲೇ ಕೂತಿತ್ತು. ರೆಕ್ಕೆಯ ನೆರಳಲ್ಲಿ ಊರ ಕೋಳಿಗಳು ಮೊಟ್ಟೆ ಇಟ್ಟು ಮರಿ ಮಾಡಿದವು.

"ನನ್ನ ಗಂಡ ಒಳ್ಳೇವ್ನು. ಅದೇ ತೊಂದ್ರೆ," ಎನ್ನುತ್ತಾರೆ ಮಾಮಾ. "ಯಾರು ಕೇಳಿದ್ರೂ ಇಲ್ಲ ಅನ್ನಕ್ಕೆ ಬರಲ್ಲ ಅವ್ನಿಗೆ. ಹಿರಿಯರೆಲ್ಲ ಕೂತು, ಇಲ್ಲ ಅನ್ನೋ ಬಾಯಿ ಯಾರಿಗಿದೆ ನೋಡಿ ಅಂದ್ರು. ಎಲ್ರೂ ತಿರುಗಿ ನನ್ನೇ ನೋಡಿದ್ರು."

ಪಕ್ಕದಲ್ಲಿ ಗೆಣಸು ಸುಡುತ್ತಿದ್ದ ಲೂಕಾಸ್ ತಲೆ ಎತ್ತದೆ ಸೇರಿಸಿದ: "ಮದ್ವೆಗೆ ಕೇಳಿದಾಗ ನಂಗೇ ಮೂರು ಸಲ ಇಲ್ಲ ಅಂದವ್ಳು. ಊರಿಗೆ ಗೊತ್ತಿತ್ತು."

ರನ್‌ವೇ ನಾನೂರಿಪ್ಪತ್ತು ಮೀಟರು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ. ಅದನ್ನು ಮಾಮಾ ದಿನಕ್ಕೆ ನಾಲ್ಕು ಸಲ ಉದ್ದಕ್ಕೂ ನಡೆಯುತ್ತಾರೆ. ತಿಂಗಳಿಗೆ ಎರಡು ಸಲ ಹೆಂಗಸರನ್ನು ಕರೆದು ಹುಲ್ಲು ಕೊಯ್ಯಿಸುತ್ತಾರೆ. ಊರಿನ ಅರವತ್ತು ಚಿಲ್ಲರೆ ಹಂದಿಗಳ ಗುಣಸ್ವಭಾವ ಅವರಿಗೆ ಬಾಯಿಪಾಠ, ಯಾವುದು ಬೇಲಿ ಹಾರುತ್ತದೆ, ಯಾವುದು ಬರೀ ಹೆದರಿಸುತ್ತದೆ ಎಂಬುದು ಕೂಡ. ಕಳೆದ ವರ್ಷ ಐವತ್ತೇಳು ದಿನ ಅವರು "ಬರ್ಬೇಡ" ಎಂದಿದ್ದಾರೆ. ಅದರಲ್ಲಿ ಐದು ದಿನ ನನ್ನ ರಜೆಯನ್ನು ನುಂಗಿಹಾಕಿದವು. ನಾನು ಇಲ್ಲಿನ ಆಸ್ಪತ್ರೆ ಗುಡಿಸಲಲ್ಲಿ ಹನ್ನೊಂದು ವರ್ಷದಿಂದ ಸೂಜಿ ಚುಚ್ಚುತ್ತ, ಬಿಡುವಾದಾಗ ನಮ್ಮ ಕಡೆಯ ಪತ್ರಿಕೆಗೆ ಬರೆಯುತ್ತಿರುವವಳು. ಆ ಐದು ದಿನವೂ ಗಂಟು ಕಟ್ಟಿಕೊಂಡು ರನ್‌ವೇ ಬದಿ ಕೂತು ಮಾಮಾರನ್ನು ಮನಸ್ಸಿನಲ್ಲೇ ಶಪಿಸಿದ್ದೇನೆ. ಆದರೆ ಹತ್ತೊಂಬತ್ತು ವರ್ಷದಲ್ಲಿ ಈ ನೆಲದಲ್ಲಿ ಯಾರದೂ ಇನ್ನೊಂದು ಹಲ್ಲು ಉದುರಿಲ್ಲ.

ಬುಧವಾರಕ್ಕೆ ಬರೋಣ. "ಹತ್ತು ಗಂಟೆಗೆ ಇನ್ನೊಂದ್ಸಲ ಕೇಳ್ತೀನಿ ಮಾಮಾ," ಎಂದು ಫರ್ಡಿ ಹೇಳಿದ್ದ. ಹನ್ನೊಂದಾದರೆ ಕಣಿವೆಯ ಬಾಯಿಗೆ ಮೋಡ ಬಂದು ಕೂರುತ್ತದೆ, ಅದು ದಿನದ ಕಟ್ಟಳೆ. ಪಾಸ್ಟರ್ ಎನೋಸ್ ಜನರ ಕಡೆ ತಿರುಗಿ, "ಬನ್ನಿ, ಎಲ್ರೂ ಮಂಡಿಯೂರಿ ಪ್ರಾರ್ಥನೆ ಮಾಡೋಣ" ಎಂದರು.

"ಮಾಡಿ ಬಾಪಾ, ಆದ್ರೆ ಮಂಡಿ ಊರ್ಬೇಡಿ," ಎಂದರು ಮಾಮಾ. "ಕುಣೀರಿ. ಈ ನೆಲ ಹೆಂಗೆ ಗಟ್ಟಿಯಾಯ್ತು ಅಂತ ಮರೆತ್ಹೋಯ್ತಾ?"

ಹಿರಿಯರು ಯಾರೂ ಮರೆತಿರಲಿಲ್ಲ. ನಲವತ್ತನಾಲ್ಕು ವರ್ಷದ ಹಿಂದೆ ಇಲ್ಲಿ ರೋಲರ್ ಇರಲಿಲ್ಲ, ಈಗಲೂ ಇಲ್ಲ. ಬಂಡೆ ಒಡೆದು, ಮಣ್ಣು ಹರಡಿ, ಇಡೀ ಕಣಿವೆ ಎರಡು ತಿಂಗಳು ಕುಣಿದು ಈ ರನ್‌ವೇ ಕೂರಿಸಿತ್ತು. ಹದಿನಾಲ್ಕರ ತಬಿತಾ ಕುಣಿದಿದ್ದರು. ಮೂವತ್ತೇಳರ ಹೆನ್ನಿ ಬೂಟು ಬಿಚ್ಚಿಟ್ಟು ಅವರ ಪಕ್ಕದಲ್ಲೇ, ತಾಳ ತಪ್ಪುತ್ತ, ಕುಣಿದಿದ್ದರು.

ಮುಂದಿನ ಮೂರು ಗಂಟೆ ನೋಡಬೇಕಿತ್ತು. ಹೆಂಗಸರು ಬಲೆಚೀಲದಲ್ಲಿ ಹೊಳೆಯ ಗರಸು ತುಂಬಿ ತಂದು ಸುರಿದರು. ಅದರ ಮೇಲೆ ಗರಿ ಮುಡಿದ ಗಂಡಸರು, ಶಾಲೆಯ ಮೇಷ್ಟ್ರು, ಬಸುರಿಯರನ್ನು ಬಿಟ್ಟು ಮಿಕ್ಕ ಹೆಂಗಸರು ಸುತ್ತು ಕಟ್ಟಿ ಹೂಂಕರಿಸುತ್ತ ಕುಣಿದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಮ್ಮಲ್ಲಿ ಆಡಿಕೊಳ್ಳುತ್ತೇವೆ. ಇಲ್ಲಿ ನೆಲ ನಿಜಕ್ಕೂ ಡೊಂಕು, ಆದರೂ ಯಾರೂ ಆ ನೆಪ ಹೇಳಲಿಲ್ಲ. ನಾನೂ ಕುಣಿದೆ. ಪಾಸ್ಟರ್‌ರ ಇಸ್ತ್ರಿ ಕೋಟು ಎಂಟು ಗಂಟೆಗೆ ಬೇಲಿಯ ಮೇಲಿತ್ತು. ಮಾಮಾ ತಬಿತಾ ಮಾತ್ರ ಕುಣಿಯಲಿಲ್ಲ. ಕೋಲು ಹಿಡಿದು, "ಲೂಕಾಸ್, ಅಲ್ಲಲ್ಲ, ಇಲ್ಲಿ ತುಳಿ! ನೆಂಟರ ಮನೇಲಿ ಕುಣಿದಂಗೆ ಕುಣೀಬೇಡ!" ಎಂದು ಕೂಗುತ್ತಿದ್ದರು.

ಹತ್ತಕ್ಕೆ ಐದು ನಿಮಿಷ ಇರುವಾಗ ಕುಣಿತ ನಿಂತಿತು. ಮಾಮಾ ಹಿಮ್ಮಡಿ ಗುದ್ದಿದರು. ಬೆರಳಿಳಿಸಿದರು. ಇನ್ನೆರಡು ಕಡೆ ಗುದ್ದಿ ನೋಡಿ ರೇಡಿಯೋ ಕಡೆ ನಡೆದರು.

"ಮುಕ್ಕಾಲು ಗೆಣ್ಣು ಮಗಾ. ಅರ್ಧ ಆಗ್ಲಿಲ್ಲ. ಮಾಮಾ ಹೆನ್ನಿ ಒಬ್ರೇ ಆದ್ರೆ ಸೈ. ಸಾಮಾನು ಬೇಡ."

ಸಾಮಾನು ಎಂದರೆ ಹಬ್ಬದ ಸಕ್ಕರೆ, ಕಾಫಿ, ಮತ್ತು ಪಾಸ್ಟರ್ ಎನೋಸ್ ಎರಡು ವರ್ಷದಿಂದ ದೇವರನ್ನು ಕೇಳುತ್ತಿದ್ದ ಚರ್ಚಿನ ಮಾಡಿನ ತಗಡು. ಎಲ್ಲರೂ ಪಾಸ್ಟರ್ ಕಡೆ ನೋಡಿದರು. ಅವರು ತೂತುಬಿದ್ದ ಚರ್ಚಿನ ಮಾಡನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, "ತಗಡಿಗೇನು ವಯಸ್ಸಾಗ್ತಿದ್ಯಾ? ಆಮೇಲೆ ಬರ್ಲಿ" ಎಂದರು. ಆ ಮನುಷ್ಯನ ಮೇಲೆ ನನಗೆ ಆ ಗಳಿಗೆಯಲ್ಲಿ ಬಹಳ ಪ್ರೀತಿ ಬಂತು. ರೇಡಿಯೋದ ಆ ತುದಿಯಲ್ಲಿ, ಫರ್ಡಿಯ ಹಿಂದಿನಿಂದ ಮುದಿ ಹೆಣ್ಣುದನಿಯೊಂದು ಇದೇ ಊರಿನ ಭಾಷೆಯಲ್ಲಿ ಕೇಳಿತು: "ಕುಣಿದ್ರಾ? ನನ್ನ ಬಿಟ್ಟು ಕುಣಿದ್ರಾ?"

ಹತ್ತು ನಲವತ್ತಕ್ಕೆ ವಿಮಾನ ಇಳಿಯಿತು. ಜನವೆಲ್ಲ ವಿಮಾನ ನಿಂತ ಮೇಲ್ತುದಿಗೆ ಓಡಿದರೆ ಮಾಮಾ ತಬಿತಾ ಕೆಳತುದಿಯಲ್ಲೇ ಕೂತು ಚಕ್ರದ ಗುರುತಿಗೆ ಬೆರಳಿಟ್ಟು ಅಳೆಯುತ್ತಿದ್ದರು. ಹೂವು, ಹಾಡು, ಅಪ್ಪುಗೆ ಎಲ್ಲ ಮುಗಿಸಿಕೊಂಡು ಮಾಮಾ ಹೆನ್ನಿ ಊರುಗೋಲು ಹಿಡಿದು ಇಳಿಜಾರಿನಲ್ಲಿ ನಿಧಾನ ನಡೆದು ಅಲ್ಲಿಗೆ ಬಂದರು. ಪಾಸ್ಟರ್‌ರ ಭುಜ ಹಿಡಿದು ಚಪ್ಪಲಿ ಬಿಟ್ಟರು. ಬಿಳಿಚಿದ, ನರಗಟ್ಟಿದ ಹಿಮ್ಮಡಿಯಿಂದ ನೆಲಕ್ಕೆ ಒಂದು ಗುದ್ದು ಕೊಟ್ಟರು.

"ನಿನ್ನಷ್ಟು ಗಟ್ಟಿ ಇಲ್ಲ," ಎಂದರು. ಇಬ್ಬರೂ ಮುದುಕಿಯರು ಅಲ್ಲೇ ಕೆಸರಲ್ಲಿ ಕೂತು ನಗಲು ಶುರುಮಾಡಿದರು. ಫರ್ಡಿ, ನಾಳೆ ಬೆಳಗ್ಗೆ ಬರುತ್ತೇನೆಂದು ಮೋಡಕ್ಕೆ ಮುಂಚೆ ಖಾಲಿ ವಿಮಾನ ಹಾರಿಸಿಕೊಂಡು ಹೋದ.

ಅವತ್ತು ಹಂದಿ ಬೆಂದಿತು, ಕಾಫಿ ಇಲ್ಲದೆಯೂ ಹಬ್ಬ ಆಯಿತು, ಮತ್ತೆ ಮಳೆ ಬರಲಿಲ್ಲ. ಅದೇ ಎಡವಟ್ಟಾಯಿತು. ಗುರುವಾರ ಐದೂಕಾಲಿಗೆ ರನ್‌ವೇ ಬದಿಯಲ್ಲಿ ಇಡೀ ಊರು ನೆರೆದಿತ್ತು. ಈ ಸಲ ಬೇಡಿಕೆ ತಿರುವುಮುರುವು.

"ಮಾಮಾ, ಇವತ್ತು ಎರಡು ಗೆಣ್ಣು ಅನ್ನಿ," ಎಂದರು ಪಾಸ್ಟರ್ ಎನೋಸ್, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. "ಬರ್ಬೇಡ ಅಂದ್ರೆ ಇದ್ರಿಂದ ಯಾರೂ ಸಾಯಲ್ವಲ್ಲ. ಇನ್ನೊಂದಿನ ಇರ್ಲಿ ಅವ್ರು."

ಮಾಮಾ ಹೆನ್ನಿ ಗುಡಿಸಲ ಬಾಗಿಲಲ್ಲಿ ಕೂತಿದ್ದರು. ಅವರೂ ಕೇಳಿದರು, ಮೆಲ್ಲಗೆ: "ಮೆತ್ತಗಿದ್ಯೇನೇ?"

ಮಾಮಾ ತಬಿತಾ ಆ ಬೆಳಗ್ಗೆ ಹಿಮ್ಮಡಿಯನ್ನು ಎಂದಿಗಿಂತ ಜೋರಾಗಿ ಗುದ್ದಿದರು. ಹಾಗಾದರೂ ಬೆರಳು ಇಳಿಯಲಿ ಎಂದು ಇರಬೇಕು. ಅರ್ಧ ಗೆಣ್ಣೂ ಇಳಿಯಲಿಲ್ಲ. ರೇಡಿಯೋ ಹಿಡಿದಾಗ ಅವರ ಕೆನ್ನೆ ತೊಯ್ದಿತ್ತು, ದನಿ ಮಾತ್ರ ದಿನದ್ದೇ.

"ಆಕಾಶ ಚೆನ್ನಾಗಿದೆ ಮಗಾ. ನೆಲ ಗಟ್ಟಿ ಇದೆ. ಬಾ."

ವಿಮಾನ ಬಂತು, ಮಾಮಾ ಹೆನ್ನಿಯನ್ನು ಕೂರಿಸಿಕೊಂಡು ಹೋಯಿತು. ಸದ್ದು ಅಡಗಿದ ಮೇಲೆ ಮಾಮಾ ತಬಿತಾರ ಪಕ್ಕ ಕೂತು, ಒಂದೇ ಒಂದು ದಿನಕ್ಕೆ ಸುಳ್ಳು ಹೇಳಬೇಕೆನಿಸಲಿಲ್ಲವೇ ಎಂದು ಕೇಳಿದೆ.

"ಅನ್ಸದೆ ಇರುತ್ತಾ ನರ್ಸಮ್ಮಾ?" ಎಂದರು ಮೂಗು ಒರೆಸಿಕೊಳ್ಳುತ್ತ. "ಆದ್ರೆ ನಿನ್ನೆ ನಾನು ಮುಕ್ಕಾಲು ಅಂದಾಗ ಆ ಹುಡುಗ ಮರುಮಾತಿಲ್ದೆ ಅವ್ರನ್ನ ಕರ್ಕೊಂಡು ಬಂದ. ಇವತ್ತು ಸುಳ್ಳಂದ್ರೆ ನಿನ್ನೆದೂ ಸುಳ್ಳಾಗ್ತಿತ್ತು."

ನಿಮಗೇನಾದರೂ ಆಸೆ ಇದೆಯೇ, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದೆ. ಅಷ್ಟರಲ್ಲಿ ಬೇಲಿ ಹಾರುವ ಹಂದಿಯೊಂದು ರನ್‌ವೇಗೆ ಇಳಿಯಿತು. ಕೋಲು ಎತ್ತಿಕೊಂಡು ಎದ್ದ ಮಾಮಾ, ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು.

"ಸತ್ತಾಗ ನನ್ನ ಇದ್ರ ಪಕ್ಕದಲ್ಲೇ ಹೂಳಕ್ಕೆ ಹೇಳಿ. ಆದ್ರೆ ಬೇಲಿ ಆಚೆಗೆ. ಹೊಸದಾಗಿ ಅಗೆದ ಮಣ್ಣು ಒಂದು ವರ್ಷ ಮೆತ್ತಗಿರುತ್ತೆ."