ಆರಕ್ಕೆ ನಿಂತ ಮಗ್ಗಿ

ಆ ಸಂಬಂಧ ಮುರಿದದ್ದು ಸಂಖ್ಯೆಯಿಂದಲ್ಲ. ಹುಡುಗನ ಮನೆಯವರಿಗೆ ನಮ್ಮ ಹುಡುಗಿ ಬೇಡವಾಗಿದ್ದಳು, ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ, ಅಷ್ಟೆ.

ಮೊಮ್ಮಗಳಿಗೆ ಹೂ ಮುಡಿಸಿ ಹೋಗಿ ತಿಂಗಳಾಗಿತ್ತು. ಆ ಭಾನುವಾರ ಮಧ್ಯಾಹ್ನ ಹುಡುಗನ ಅಪ್ಪ ಭದ್ರಾವತಿಯಿಂದ ಶಿವಮೊಗ್ಗಕ್ಕೆ, ವಿದ್ಯಾನಗರದ ನಮ್ಮ ಮನೆಗೆ ಬಂದರು. ಹೆಂಗಸರನ್ನು ಬಿಟ್ಟು ಗಂಡಸು ಒಬ್ಬನೇ ಬೀಗರ ಮನೆಗೆ ಬಂದರೆ ಒಳ್ಳೆಯ ಸುದ್ದಿ ಇರುವುದಿಲ್ಲ. ಕಾಫಿ ಲೋಟ ಮುಟ್ಟಲಿಲ್ಲ, ಮೊಬೈಲ್ ತೆಗೆದರು. ಮೊಮ್ಮಗಳ ಹುಟ್ಟಿದ ದಿನದಿಂದ ಯಾರೋ ಒಂದು ಸಂಖ್ಯೆ ತೆಗೆದುಕೊಟ್ಟಿದ್ದಾರಂತೆ: ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ಹೇಗೆ ತೆಗೆದರು ಎಂದು ಕೇಳಿದೆ. ಅದು ದೊಡ್ಡ ಲೆಕ್ಕ ಎಂದರು.

142857 ಅನ್ನು ಎರಡರಿಂದ ಗುಣಿಸಿ ತೋರಿಸಿದರು: 285714. ಮೂರರಿಂದ 428571. ಅವೇ ಆರು ಅಂಕಿ, ಅದೇ ಸಾಲು, ಶುರು ಮಾತ್ರ ಬೇರೆ ಕಡೆಯಿಂದ. ಆರರವರೆಗೂ ಹಾಗೇ ಬಂತು.

"ನೋಡಿ ಅಮ್ಮ, ಎಷ್ಟು ಸುತ್ತಿದ್ರೂ ತಿರುಗಿ ಅಲ್ಲಿಗೇ ಬರುತ್ತೆ. ಇಂಥ ಹುಡುಗಿ ತವರಿಗೆ ವಾಪಸ್ ಬರ್ತಾಳಂತೆ."

ಈ ಮಾತು ಊರಲ್ಲಿ ಹರಡಿದರೆ ಅವಳನ್ನು ಕೇಳಿಕೊಂಡು ಇನ್ನೊಬ್ಬರು ಬರುವುದಿಲ್ಲ. ನನ್ನ ಮಗ ತಲೆ ತಗ್ಗಿಸಿ ಕೂತಿದ್ದ. ನಂಬಿಬಿಟ್ಟಿದ್ದ, ಡಿಗ್ರಿ ಓದಿದವನು.

ನಾನು ನಾಲ್ಕನೇ ಕ್ಲಾಸು. ಆದರೆ ನಮ್ಮ ಮೇಷ್ಟ್ರು ಯಾವ ಮಗ್ಗಿಯನ್ನೂ ಹತ್ತಕ್ಕೆ ಮುಟ್ಟಿಸದೆ ಕೂರಲು ಬಿಡುತ್ತಿರಲಿಲ್ಲ.

"ಆರಕ್ಕೆ ಯಾಕೆ ನಿಲ್ಲಿಸಿದ್ರಿ? ಏಳು ಒತ್ತಿ," ಎಂದೆ.

ಬ್ಯಾಟರಿ ಕಡಿಮೆ ಇದೆ ಎಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಹಳೆ ಕ್ಯಾಲೆಂಡರಿನ ಹಾಳೆ ಹರಿದು ನಾನೇ ಗುಣಿಸಿದೆ. 999999. ಬರೀ ಒಂಬತ್ತು. ಸುತ್ತುವುದು ಅಲ್ಲಿಗೆ ಮುಗಿದಿತ್ತು.

ಏಳರಲ್ಲೇ ಏನೋ ಇದೆ ಅನ್ನಿಸಿತು. ಒಂದನ್ನು ಏಳರಿಂದ ಭಾಗಿಸಲು ಕೂತೆ. ಸೊನ್ನೆ ಇಟ್ಟು ಹತ್ತು ಮಾಡಿದರೆ ಏಳು ಒಂದು ಸಲ, ಉಳಿದದ್ದು ಮೂರು. ಮೂರನ್ನು ಮೂವತ್ತು ಮಾಡಿದರೆ ನಾಲ್ಕು ಸಲ, ಉಳಿದದ್ದು ಎರಡು. ಹೀಗೆ ಇಳಿಸುತ್ತಾ ಹೋದರೆ ಒಂದು, ನಾಲ್ಕು, ಎರಡು, ಎಂಟು, ಐದು, ಏಳು. ಕೊನೆಗೆ ಒಂದು ಉಳಿಯಿತು, ಮತ್ತೆ ಅದೇ ಸಾಲು. ಯಾರ ಹುಟ್ಟಿದ ದಿನವೂ ಬೇಕಾಗಲಿಲ್ಲ.

ಹಾಳೆಯನ್ನು ಅವರ ಮುಂದೆ ಇಟ್ಟೆ. "ಇದು ಏಳರ ಲೆಕ್ಕ. ನಮ್ಮ ಹುಡುಗಿ ತಲೆಗೆ ಯಾಕೆ ಕಟ್ತೀರಿ? ಬೇರೆ ಕಡೆ ಹೆಣ್ಣು ನೋಡಿದೀರಾ?"

"ಹಂಗೇನಿಲ್ಲಮ್ಮ, ಮನೇಲಿ ಹೆಂಗಸ್ರು ಹೆದರ್ಕೊಂಡಿದಾರೆ," ಎನ್ನುತ್ತಾ ಚಪ್ಪಲಿ ಹುಡುಕಿದರು.

ಅವರು ಹೋದ ಮೇಲೆ ಮೊಮ್ಮಗಳು ಒಳಗಿನಿಂದ ಬಂದಳು. "ಬಿಡಜ್ಜಿ ಮಾರಾಯ್ತಿ, ಇಂಥೋರ ಮನೆಗೆ ನಾನೇ ಹೋಗಲ್ಲ." ಕಣ್ಣು ಕೆಂಪಾಗಿತ್ತು. ನೆಗಡಿ ಎಂದಳು. ಅದನ್ನೂ ನಾನು ನಂಬಲಿಲ್ಲ.

ಮರುದಿನ ಬೆಳಿಗ್ಗೆ ಮಗನಿಗೆ ಹೇಳದೆ ಭದ್ರಾವತಿ ಬಸ್ಸು ಹತ್ತಿದೆ. ಅವರ ಬೀದಿಯ ಹೆಂಗಸರು ನಲ್ಲಿಗೆ ಕೊಡ ಇಟ್ಟು ನಿಂತಿದ್ದ ಹೊತ್ತು. ಹೂ ಮುಡಿಸುವಾಗ ಅವರು ಕೊಟ್ಟಿದ್ದ ಸೀರೆಯನ್ನು ಅವರ ಜಗಲಿ ಮೇಲಿಟ್ಟು, ಈ ಸಂಬಂಧ ನಮಗೆ ಬೇಡ ಎಂದು ನಲ್ಲಿಯವರೆಗೂ ಕೇಳುವ ಹಾಗೆ ಹೇಳಿ, ಮುಂದಿನ ಬಸ್ಸಿಗೆ ವಾಪಸು ಬಂದೆ.