ಪರೀಕ್ಷೆಯ ವೆಂಕಟಮ್ಮ

ಕೆ.ಆರ್. ಪುರದ ವೆಂಕಟಮ್ಮನ ಎದೆಬಡಿತದಲ್ಲಿ ಹುಟ್ಟಿದಾಗಿನಿಂದ ಒಂದು ಹೆಚ್ಚಿನ ಸದ್ದಿದೆ. ಅದರಿಂದ ಅವಳಿಗೆ ಇಂದಿನವರೆಗೆ ಯಾವ ತೊಂದರೆಯೂ ಆಗಿಲ್ಲ. ಆದರೆ ಶಿವಾಜಿನಗರದ ಕಡೆಯ ಒಂದು ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಿಕೆ ಕಲಿಯುವ ಮಕ್ಕಳಿಗೆ ಆ ಸದ್ದೆಂದರೆ ಬಲು ಬೆಲೆ; ಪರೀಕ್ಷೆಯಲ್ಲಿ ಅದನ್ನು ಕೇಳಿ ಗುರುತಿಸಿದವರೇ ಪಾಸು. ಪರೀಕ್ಷೆ ಹತ್ತಿರ ಬಂತೆಂದರೆ ಅಲ್ಲಿಂದ ಫೋನ್ ಬರುತ್ತಿತ್ತು. ವೆಂಕಟಮ್ಮ ತಾನು ಟೀ ಕಾಯಿಸುವ ಇಂದಿರಾನಗರದ ಆಫೀಸಿಗೆ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಮದುವೆಮನೆಗೆ ಹೊರಟವಳಂತೆ ಹೊರಡುತ್ತಿದ್ದಳು. ಹುಡುಗರು ಸ್ಟೆತಸ್ಕೋಪ್ ಇಟ್ಟು ತಡಕಾಡಿದರೆ ಇವಳ ಕರುಳು ಚುರುಕ್ಕೆನ್ನುತ್ತಿತ್ತು. ಪರೀಕ್ಷಕರು ಅತ್ತ ತಿರುಗಿದ್ದೇ ತಡ, "ಇನ್ನೊಂಚೂರು ಎಡಕ್ಕಿಡು ಮಗಾ, ಅಲ್ಲಿ ಕೇಳ್ಸತ್ತೆ" ಎಂದು ಪಿಸುಗುಡುವಳು. ತಪ್ಪೇ, ಇಲ್ಲವೆನ್ನುವುದಿಲ್ಲ. ಆದರೆ ಇಂದು ಬೋರ್ಡು ಹಾಕಿಕೊಂಡು ಕೂತ ಎಷ್ಟೋ ಡಾಕ್ಟರುಗಳು ಅವಳ ಕೃಪೆಯಿಂದ ಪಾಸಾದವರು, ಒಪ್ಪಲಿ ಬಿಡಲಿ.

ಕಳೆದ ವರ್ಷ ವೆಂಕಟಮ್ಮನ ಗರ್ಭಕೋಶ ಜಾರಿತು. ಟೀ ಪಾತ್ರೆ ಎತ್ತಿದರೆ ಸಾಕು, ಕೆಳಗಿಳಿದಂತಾಗುತ್ತಿತ್ತು. ನಾಚಿಕೆಗೆ ತಿಂಗಳುಗಟ್ಟಲೆ ಯಾರಿಗೂ ಹೇಳದೆ ನುಂಗಿಕೊಂಡಳು. ಕೊನೆಗೆ ಕೂರಲೂ ನಿಲ್ಲಲೂ ಆಗದೆ ಅದೇ ಆಸ್ಪತ್ರೆಗೆ ಸೇರಿದಳು.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರ್ ಅಂಜನಮೂರ್ತಿ ಕಲಿಯುವವರ ಹಿಂಡನ್ನು ಕಟ್ಟಿಕೊಂಡು ಬಂದರು. ಒಳ್ಳೆಯ ಮನುಷ್ಯ, ಕೈಗುಣವೂ ಒಳ್ಳೆಯದು. "ನಮ್ಮ ವೆಂಕಟಮ್ಮ! ಇವ್ರು ನಮ್ಮ ಕಾಲೇಜಿನವ್ರೇ ಅಂದ್ಕೊಳ್ಳಿ. ಒಬ್ಬೊಬ್ರಾಗಿ ಎಕ್ಸಾಮಿನ್ ಮಾಡಿ" ಎನ್ನುತ್ತಾ ಹೊದಿಕೆಗೆ ಕೈ ಹಾಕಿದರು. ಎಂದೂ ಬೇಡವೆನ್ನದವಳನ್ನು ಹೊಸದಾಗಿ ಕೇಳುವುದೇನು ಎಂಬ ಸಲಿಗೆ.

ವೆಂಕಟಮ್ಮ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಇದು ಬೇಡ ಸಾರ್."

"ಅಯ್ಯೋ, ಇಷ್ಟು ವರ್ಷ ಪರೀಕ್ಷೆಗೆ ಬಂದವ್ರು ನೀವು!"

"ಅದಕ್ಕೆ ನೀವು ಕರೆದ್ರಿ, ನಾನು ಹೂಂ ಅಂದೆ. ಇದಕ್ಕೆ ನನ್ನ ಯಾರೂ ಕೇಳ್ಲಿಲ್ಲ. ನೀವೊಬ್ರೇ ನೋಡಿ ಸಾರ್. ಈ ಮಕ್ಕಳು ಬೇಡ."

ಡಾಕ್ಟರರ ಮುಖ ಸಣ್ಣದಾಯಿತು. ಹೊದಿಕೆ ಬಿಟ್ಟು ಪಕ್ಕದ ಮಂಚಕ್ಕೆ ಹೋದರು. ವೆಂಕಟಮ್ಮನ ಜೀವ ಬಾಯಿಗೆ ಬಂತು. ಇನ್ನು ಆಪರೇಷನ್ ಮಾಡುತ್ತಾರೋ, ಮನೆಗೆ ಕಳಿಸುತ್ತಾರೋ?

ಆ ಗುಂಪಿನಲ್ಲಿದ್ದ, ಪರೀಕ್ಷೆ ಮುಗಿಸಿ ಅಲ್ಲೇ ತರಬೇತಿಯಲ್ಲಿದ್ದ ಹೌಸ್ ಸರ್ಜನ್ ತೇಜಶ್ರೀ ಆಮೇಲೆ ಒಬ್ಬಳೇ ಬಂದಳು. ವೆಂಕಟಮ್ಮನ ಪಿಸುಮಾತಿನಿಂದ ಪಾಸಾದವರಲ್ಲಿ ಅವಳೂ ಒಬ್ಬಳು.

"ನೀವು ಬೇಡ ಅಂದ್ರೆ ಆಪರೇಷನ್ ನಿಲ್ಲಲ್ಲಮ್ಮ, ಹೆದರ್ಬೇಡಿ. ಬೇಡ ಅನ್ನೋದು ನಿಮ್ಮ ಹಕ್ಕು. ಆದ್ರೆ ಥಿಯೇಟರಲ್ಲಿ ನಿಮಗೆ ಅನಸ್ತೇಷಿಯಾ ಕೊಟ್ಮೇಲೂ ಸ್ಟೂಡೆಂಟ್ಸ್ ಕೈಲಿ ಪರೀಕ್ಷೆ ಮಾಡ್ಸೋದುಂಟು. ಅದೂ ಬೇಡ್ವಾ?"

ವೆಂಕಟಮ್ಮ ದಂಗಾದಳು. "ಬೇಡ್ವೇ ಬೇಡಮ್ಮ. ಆದ್ರೆ ಮೈಮೇಲೆ ಜ್ಞಾನ ಇಲ್ದಾಗ ಯಾರು ಬಂದ್ರೆ ನಂಗೇನು ಗೊತ್ತಾಗತ್ತೆ?"

"ನಾನು ಸರ್‌ಗೆ ಹೇಳ್ತೀನಿ."

ಹೇಳುವುದೇನೋ ಹೇಳಬಹುದು, ಅವರು ಕಿವಿಗೆ ಹಾಕಿಕೊಳ್ಳಬೇಕಲ್ಲ. ಮರುದಿನ ಆ ಚಿಂತೆಯಲ್ಲೇ ವೆಂಕಟಮ್ಮ ಥಿಯೇಟರಿನ ಮೇಜಿನ ಮೇಲೆ ಮಲಗಿದಳು.

ಎಚ್ಚರವಾದಾಗ ತೇಜಶ್ರೀ ಪಕ್ಕದಲ್ಲಿ ನಿಂತು ನಾಡಿ ನೋಡುತ್ತಿದ್ದಳು. ವೆಂಕಟಮ್ಮ ನೋವೆನ್ನಲಿಲ್ಲ, ನೀರು ಕೇಳಲಿಲ್ಲ.

"ಯಾರಾದ್ರೂ ಬಂದ್ರಾ?"

"ಇಲ್ಲಮ್ಮ. ಸರೇ ಸ್ಟೂಡೆಂಟ್ಸ್‌ನೆಲ್ಲಾ ಹೊರಗೆ ಕಳ್ಸಿದ್ರು. 'ಅವ್ರು ಬೇಡ ಅಂದಿದ್ದಾರೆ, ನಾನು ಮೊದ್ಲೇ ಕೇಳ್ಬೇಕಿತ್ತು' ಅಂದ್ರು. ನಾನೂ ಹೊರಗೇ ಇದ್ದೆ."

"ನೀನೂನಾ? ನೀನು ನಮ್ಮ ಹುಡುಗಿ ಕಣೇ. ನೀನಿದ್ದಿದ್ರೆ ನಾನೇನು ಅಂತಿದ್ದೆ?"

"ನಂಗೂ ನೀವು ಹೂಂ ಅಂದಿರ್ಲಿಲ್ವಲ್ಲಮ್ಮ."

ವೆಂಕಟಮ್ಮ ಅವಳ ಕೈ ಹಿಡಿದುಕೊಂಡು, ಅಷ್ಟು ದಿನ ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತುಬಿಟ್ಟಳು.