ಬಾಣಗಳ ಅಕ್ಷರ ಒರೆಸಿದ ಮಧ್ಯಾಹ್ನ

ನಾನು ಬಿಲ್ಲು ಹಿಡಿದಾಗ ವಯಸ್ಸು ನಲವತ್ತರ ಹತ್ತಿರ. ಅದಕ್ಕೂ ಮೊದಲು ಮಗಳನ್ನು ಬಿಲ್ಲುಗಾರಿಕೆ ಕಲಿಯಲು ಚಿಕ್ಕೋಡಿಯ ಮೈದಾನಕ್ಕೆ ಕರೆದುಕೊಂಡು ಹೋಗಿ, ಅವಳು ಮುಗಿಸುವವರೆಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದೆ. ಒಂದು ದಿನ ಕಲಿಸುವ ಸರ್, “ಸುಮ್ನ ಕುಂದ್ರೂದಕ್ಕ ಒಮ್ಮೆ ಎಳದ ನೋಡ್ರಿ ಅಕ್ಕಾರ” ಎಂದರು. ಎಳೆದೆ. ಬಾಣ ಗುರಿಯನ್ನು ಬಿಟ್ಟು ಹಿಂದಿನ ಮಣ್ಣಿನ ದಿಬ್ಬಕ್ಕೆ ನಾಟಿತು. ಆದರೆ ಅದು ಕೈಬಿಟ್ಟು ಹೋಗಿ ನಾಟುವ ಆ ಚೂರು ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಮನೆ ಇರಲಿಲ್ಲ, ಅಡುಗೆ ಇರಲಿಲ್ಲ. ಮಗಳಿಗೆ ಬೇಗ ಬೇಸರ ಬಂತು, ಬಿಟ್ಟಳು. ನಾನು ಬಿಡಲಿಲ್ಲ.

ನಮ್ಮ ಮನೆ ಏಕಸಂಬಿಯ ಹೊರಗೆ, ಕಬ್ಬಿನ ನಡುವೆ. ಕಬ್ಬು ಕಡಿದ ಹೊಲದಲ್ಲಿ ಗಂಡ ರವದಿಯನ್ನು, ಅಂದರೆ ಒಣಗಿದ ಕಬ್ಬಿನ ಎಲೆಗಳನ್ನು, ಬಿಗಿದು ಕಟ್ಟಿ ನನಗೊಂದು ಗುರಿ ಮಾಡಿಕೊಟ್ಟಿದ್ದರು. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಒಳ್ಳೆಯದೆನ್ನಲಿಲ್ಲ, ಕೆಟ್ಟದ್ದೆನ್ನಲಿಲ್ಲ. ಮೊದಲಿನಿಂದಲೂ ಮಾತು ಕಡಿಮೆಯ ಹೆಂಗಸು. ಗುರಿ ತಪ್ಪಿದ ಬಾಣಗಳು ಪಕ್ಕದ ಕಬ್ಬಿನೊಳಗೆ ಹೋಗಿ ಕಾಣೆಯಾಗುತ್ತಿದ್ದವು.

ಬೆಳಗಾವಿಯಲ್ಲಿ ಹೆಂಗಸರ ಸ್ಪರ್ಧೆಗೆ ಹೆಸರು ಕೊಟ್ಟ ಮೇಲೆ ನೋಡಿದರೆ ಬಾಣಗಳು ಸಾಲವು. ಸರ್ ತಮ್ಮಲ್ಲಿದ್ದ ನಾಲ್ಕನ್ನು ಕೊಟ್ಟರು. ಉದ್ದ, ತೂಕ, ಹಿಂದಿನ ಹಳದಿ ಗರಿ ಎಲ್ಲ ನನ್ನವುಗಳಂತೆಯೇ. ಕಂಪನಿ ಮಾತ್ರ ಬೇರೆ. ನನ್ನ ಕಪ್ಪು ಕಡ್ಡಿಗಳ ಮೇಲೆ ಬಿಳಿ ಅಕ್ಷರ, ಅವರವುಗಳ ಮೇಲೆ ಕೆಂಪು ಅಕ್ಷರ ಮತ್ತು ಒಂದು ಹಕ್ಕಿಯ ಚಿತ್ರ.

“ಸ್ಪರ್ಧಾದಾಗ ಬಾಣ ಎಲ್ಲಾ ಒಂದ ಥರ ಕಾಣಬೇಕ್ರಿ. ಎರಡೂ ಕಂಪನಿ ಅಕ್ಷರ ಅಳಿಸಿಬಿಡ್ರಿ. ಆಮ್ಯಾಲ ಎಲ್ಲಾದರ ಮ್ಯಾಲೂ ನಿಮ್ಮ ಹೆಸರ ಬರೀರಿ” ಎಂದರು.

ನಿಪ್ಪಾಣಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಗೆಳತಿ ಉಗುರಿನ ಬಣ್ಣ ತೆಗೆಯುವ ನೀರನ್ನು ಒಂದು ಬಾಟಲಿ ಕೊಟ್ಟಳು. ಊಟವಾದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಚಾಪೆ ಹಾಸಿ ಕೂತೆ. ಚಳಿಗಾಲದ ಬಿಸಿಲು. ದೂರದ ಗಾಣದಿಂದ ಬೆಲ್ಲ ಕಾಯುವ ವಾಸನೆ ಬರುತ್ತಿತ್ತು, ಅದರೊಳಗೆ ಬಾಟಲಿಯ ತೀಕ್ಷ್ಣ ವಾಸನೆ ಬೆರೆತು ತಲೆ ಹಗುರವಾದಂತಿತ್ತು. ಅರಿವೆಯ ಚೂರನ್ನು ಅದ್ದಿ, ಗರಿಯ ಅಂಟಿಗೆ ತಾಕದಂತೆ ಕಡ್ಡಿಯ ಮೇಲೆ ನಿಧಾನ ಎಳೆದೆ. ಬಿಳಿ ಅಕ್ಷರಗಳು ಮೊದಲು ಮಸುಕಾದವು, ಆಮೇಲೆ ಹಾಲಿನ ಗೆರೆಯಂತೆ ಹರಿದು ಅರಿವೆಗೆ ಬಂದವು. ಕೆಂಪು ಅಕ್ಷರ ಹಟಮಾರಿ. ತಿಕ್ಕಿ, ಬಿಟ್ಟು, ಮತ್ತೆ ತಿಕ್ಕಬೇಕಾಯಿತು. ಹಕ್ಕಿಯ ಒಂದು ರೆಕ್ಕೆ ಹೋಗಿ ಇನ್ನೊಂದು ಬಹಳ ಹೊತ್ತು ಉಳಿದಿತ್ತು.

ಅತ್ತೆ ಎದ್ದು ಬಂದು ನನ್ನ ಪಕ್ಕ ಕೂತರು. ಒರೆಸಿದ ಕಡ್ಡಿಯೊಂದನ್ನು ಎತ್ತಿ ಬಿಸಿಲಿಗೆ ಹಿಡಿದು ತಿರುಗಿಸಿದರು.

“ಪೂರಾ ಹೋತಲ್ಲ?”

“ಹೋತ್ರಿ ಅತ್ತಿ.”

ಕಡ್ಡಿಯನ್ನು ಚಾಪೆಯ ಮೇಲಿಟ್ಟು, ಸೀರೆಯ ಸೆರಗನ್ನು ಸರಿಸಿ ಎಡಗೈಯನ್ನು ನನ್ನ ಮುಂದೆ ಚಾಚಿದರು. “ಇದಕ್ಕ ಹಚ್ಚಿ ನೋಡು, ಬಾಳಾ.” ಮಗು ಅನ್ನುವುದಕ್ಕೆ ಅವರ ತವರಿನ ಮಾತು ಅದು.

ಮುಂಗೈ ಮೇಲೆ ಹಚ್ಚೆಯಲ್ಲಿ ಚುಚ್ಚಿದ ತುಳಸಿಕಟ್ಟೆ. ಮದುವೆಯಾಗಿ ಬಂದಾಗಿನಿಂದ ನೋಡಿದ್ದೆ. ಇದರಿಂದ ಹಚ್ಚೆ ಹೋಗುವುದಿಲ್ಲ ಎಂದೆ. ಅವರು ಕೈ ಹಿಂದೆ ತೆಗೆಯಲಿಲ್ಲ. ಅರಿವೆಯ ತುದಿಯನ್ನು ಒಮ್ಮೆ ತಾಕಿಸಿದೆ. “ಅಬ್ಬಾ, ಎಷ್ಟ ತಣ್ಣಗ ಆತು!” ಎಂದು ಚಿಕ್ಕ ಹುಡುಗಿಯಂತೆ ನಕ್ಕರು. ಹಚ್ಚೆ ಹಾಗೇ ಇತ್ತು.

“ತುಳಸಿಕಟ್ಟಿ ಹೋದ್ರ ಅದರ ಬುಡಕಿಂದು ಕಾಣತಿತ್ತು” ಎಂದರು.

“ಬುಡಕ ಏನೈತ್ರಿ?”

“ನನ್ನ ಹೆಸರ.”

ಆಮೇಲೆ ತಡೆದು ತಡೆದು ಹೇಳಿದರು. ಅವರ ತವರು ದೂಧಗಂಗೆ ಹೊಳೆಯ ಆಚೆ ದಂಡೆಯಲ್ಲಿ, ಮರಾಠಿ ಆಡುವ ಊರು. ಚಿಕ್ಕವರಿದ್ದಾಗ ಹಚ್ಚೆ ಚುಚ್ಚುವವಳು ಬಾಗಿಲಿಗೆ ಬಂದಿದ್ದಳು. ಓಣಿಯ ಗೆಳತಿ ಮತ್ತು ಇವರು, ಇಬ್ಬರೂ ಕೈಮೇಲೆ ತಮ್ಮ ತಮ್ಮ ಹೆಸರು ಬರೆಸಿಕೊಂಡರು. ಮದುವೆಯ ದಿನ ರೂಢಿಯಂತೆ ಇವರ ಗಂಡ ಅಕ್ಕಿಯ ತಾಟಿನಲ್ಲಿ ಉಂಗುರದಿಂದ ಇವರಿಗೆ ಬೇರೆ ಹೆಸರು ಬರೆದರು. ಅಂದಿನಿಂದ ಅದೇ ಹೆಸರು.

“ಹಳೇ ಹೆಸರ ಕೈಮ್ಯಾಲ ಯಾಕಂತ ನಮ್ಮ ಅತ್ತಿ ಮೊದಲ ನಿಂಬಿಹಣ್ಣು, ಉಪ್ಪು ಹಾಕಿ ತಿಕ್ಕಿದ್ರು. ಹೋಗಲಿಲ್ಲ. ಆಮ್ಯಾಲ ಹಚ್ಚಿ ಚುಚ್ಚಾಕಿನ್ನ ಕರಸಿ, ಅದರ ಮ್ಯಾಲ ಇದನ್ನ ಚುಚ್ಚಿಸಿದ್ರು.”

“ನಿಮಗ ಸಿಟ್ಟ ಬರಲಿಲ್ಲೇನ್ರಿ?”

“ಆಗ ಅಳೂದ ಅಷ್ಟ ಗೊತ್ತಿತ್ತವ್ವ.”

ನನಗೆ ನನ್ನ ಮದುವೆ ನೆನಪಾಯಿತು. ಅಲ್ಲಿ ಯಾರೋ ಹಿರಿಯರು ಅಕ್ಕಿ ತಾಟು ತಂದಿಟ್ಟಾಗ, ಇದೇ ಅತ್ತೆ ತುಂಬಿದ ಜನದ ನಡುವೆ ಎದ್ದು ಬಂದು, “ಹುಡಗಿ ಹೆಸರ ಚಂದ ಐತಿ. ಹಂಗ ಇರಲಿ” ಎಂದು ತಾಟನ್ನು ಒಳಗೆ ಒಯ್ದಿದ್ದರು. ಆಗ ಗರ್ವದ ಹೆಂಗಸೆಂದು ಹೆದರಿದ್ದೆ.

ಅತ್ತೆ ಬಾಗಿ, ಯಾರೂ ಇಲ್ಲದ ಹಿತ್ತಲಲ್ಲಿ ನನ್ನ ಕಿವಿಯಲ್ಲಿ ಆ ಹೆಸರು ಹೇಳಿದರು. ಚಿಕ್ಕ ಹೆಸರು. ನಾನು ಒಮ್ಮೆ ಮೆಲ್ಲಗೆ ಅಂದು ನೋಡಿದೆ. ಅವರು ಕಣ್ಣು ಮುಚ್ಚಿಕೊಂಡರು. ಕಬ್ಬಿನ ಗರಿಗಳು ಸರಸರ ಅನ್ನುತ್ತಿದ್ದವು, ಬಿಸಿಲು ಚಾಪೆಯಿಂದ ಇಳಿದು ಅಂಗಳಕ್ಕೆ ಹೋಗಿತ್ತು. ಉಳಿದ ಬಾಣಗಳನ್ನು ಇಬ್ಬರೂ ಸೇರಿ ಒರೆಸಿದೆವು.

ಸ್ಪರ್ಧೆಯಲ್ಲಿ ನನಗೆ ಪದಕ ಬರಲಿಲ್ಲ. ನನ್ನ ಹೆಸರು ಬರೆದ ಬಾಣಗಳನ್ನು ನೋಡಿದ ಅಧಿಕಾರಿ ಏನೂ ಅನ್ನದೆ ಮುಂದೆ ಹೋದರು, ನನಗೆ ಅಷ್ಟೇ ಸಾಕಿತ್ತು. ಮನೆಗೆ ಬಂದು ಊಟ ಬಡಿಸುವಾಗ ಅತ್ತೆಯನ್ನು ಕೇಳಿದೆ: “ಹಚ್ಚಿ ಹಾಕಿಸಿಕೊಂಡ ಗೆಳತಿ ಈಗ ಎಲ್ಲಿ ಅದಾರ್ರಿ?”

“ಅದ ಊರಾಗ. ಅಲ್ಲೇ ಕೊಟ್ಟಾರ ಆಕೀನ. ಅಣ್ಣ ತೀರಿದ ಮ್ಯಾಲ ನಾನ ಹೋಗಿಲ್ಲ.”

ಮುಂದಿನ ರವಿವಾರ ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟೆ. ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಸೇತುವೆಯ ಆಚೆ ದಡ ಕಾಣದೆ, ರಸ್ತೆ ಬಿಳುಪಿನೊಳಗೆ ಹೋಗಿ ಮುಗಿದಂತಿತ್ತು. ಅತ್ತೆ ನನ್ನ ಭುಜ ಬಿಗಿಯಾಗಿ ಹಿಡಿದಿದ್ದರು.

ಆ ಗೆಳತಿಯ ಮನೆಯ ಮುಂದೆ ಒಬ್ಬ ಮುದುಕಿ ಜೋಳ ಕೇರುತ್ತಿದ್ದರು. ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನು ದಿಟ್ಟಿಸಿದರು. “ಅಗಂ ಬಾಯಿ!” ಎಂದು ಬೆರಗಾದವರೇ ಮೊರ ಕೆಳಗಿಟ್ಟು, ಆ ಚಿಕ್ಕ ಹೆಸರನ್ನು ಓಣಿಗೆಲ್ಲ ಕೇಳುವಂತೆ ಕೂಗಿದರು. ಅತ್ತೆ ಸ್ಕೂಟಿಯಿಂದ ಇಳಿಯುವ ಮೊದಲೇ “ಓ” ಅಂದರು.

ಇಬ್ಬರೂ ಒಳಗೆ ಹೋದರು. ಮರಾಠಿಯಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುವುದು, ನಡುವೆ ನಗುವುದು ಹೊರಗೆ ಕೇಳುತ್ತಿತ್ತು. ಅತ್ತೆಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೊರಗೆ ಕೂತ ನನಗೆ ಆ ಮನೆಯ ಸೊಸೆ ಚಹ ತಂದುಕೊಟ್ಟಳು. ಕುಡಿದು, ಗೋಡೆಗೆ ಒರಗಿ, ಎಳೆ ಬಿಸಿಲಿನಲ್ಲಿ ಹಾಗೇ ಕಣ್ಣು ಹತ್ತಿತು.